ಏರುಬೀದಿಯ ತೂಕಪ್ಪನವರು

ಅವರನ್ನು ನಾನು ಮೊದಲು ಕಂಡಿದ್ದು ಒಂದು ಬಟ್ಟಲು ನೀರಿನ ನೆಪದಲ್ಲಿ. ಮರಗಳು ಹಳೆ ಎಲೆ ಉದುರಿಸಿ ಚಿಗುರುವ ಕಾಲ. ಪುರಸಭೆಯವರು ಆ ವರ್ಷ ಮೊದಲ ಸಲ ಸ್ವಚ್ಛತಾ ವಾರ ಮಾಡಿದ್ದರು. ಬೆಳಗ್ಗೆ ಏಳೂವರೆಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಖಾಕಿ ಅಂಗಿ ತೊಟ್ಟ ಗಿಡ್ಡ ಗಂಡಸು, ಕಿವಿಯ ಮೇಲೆ ಪೆನ್ಸಿಲ್ಲು. ಹಿಂದೆ ಕೈಗಾಡಿಯ ಮೇಲೆ ಕಬ್ಬಿಣದ ತೂಕದ ಯಂತ್ರ.

“ಅಕ್ಕಾ, ಸ್ವಲ್ಪ ನೀರು ಕೊಡ್ತೀರಾ?”

ಕುಡಿಯುವುದಕ್ಕೆಂದು ಲೋಟದಲ್ಲಿ ತಂದೆ. ಅವರು ತಲೆಯಾಡಿಸಿದರು. “ಲೋಟ ಬೇಡ. ಅಗಲವಾದ ಬಟ್ಟಲಲ್ಲಿ ಕೊಡಿ, ಅಂಚಿನ ತನಕ.”

ಬಟ್ಟಲನ್ನು ನನ್ನ ಮನೆಯ ಮುಂದಿನ ಕಲ್ಲುಜಗಲಿಯ ಮೇಲಿಟ್ಟು, ಮೂಗು ತಾಗುವಷ್ಟು ಬಗ್ಗಿ ನೋಡಿದರು. ನೀರು ಒಂದು ಅಂಚಿಗೆ ಏರಿ ಇನ್ನೊಂದು ಅಂಚಿನಲ್ಲಿ ಇಳಿದಿದ್ದರೆ ಜಾಗ ಮಟ್ಟವಿಲ್ಲ ಎಂದು ಅರ್ಥವಂತೆ. ಜಾಗ ಮಟ್ಟವಿಲ್ಲದಿದ್ದರೆ ತೂಕ ಸುಳ್ಳು ಹೇಳುತ್ತದಂತೆ. ನಮ್ಮದು ಹೆಸರಿಗೆ ತಕ್ಕ ಹಾಗೆ ಏರುಬೀದಿ. ಕೆಳಗೆ ಮಾರುಕಟ್ಟೆ, ಮೇಲೆ ನೀರಿನ ಟ್ಯಾಂಕು, ನಡುವೆ ಒಂದೇ ಏರು. ಇಲ್ಲಿ ಚೆಂಡು ಕೈತಪ್ಪಿದರೆ ಟೊಮೆಟೊ ರಾಶಿಯಲ್ಲಿ ಹುಡುಕಬೇಕು. ಅವರಿಗೆ ಇಡೀ ಬೀದಿಯಲ್ಲಿ ಮಟ್ಟವಾಗಿ ಸಿಕ್ಕಿದ್ದು ನನ್ನ ಜಗಲಿ ಒಂದೇ. ನೋಡಿ ಮುಗಿದ ಮೇಲೆ ನೀರನ್ನು ಬೀದಿಗೆ ಚೆಲ್ಲದೆ ಬಾಗಿಲ ಪಕ್ಕದ ಗಿಡಕ್ಕೆ ಹಾಕಿ, ಬಟ್ಟಲನ್ನು ಒರೆಸಿ ಕೊಟ್ಟರು. ಈತ ಯಾವುದನ್ನೂ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ ಎಂದು ಆಗಲೇ ಅಂದುಕೊಂಡೆ.

ಪುರಸಭೆಯ ಶೆಡ್ಡಿನಲ್ಲಿ ಕಸದ ಲಾರಿಗಳ ತೂಕ ನೋಡುವುದು ಅವರ ಕೆಲಸ. ಊರಿನ ಬಾಯಲ್ಲಿ ತೂಕಪ್ಪ. ಸ್ವಚ್ಛತಾ ವಾರಕ್ಕೆ ಅವರೇ ಯಂತ್ರ ತಳ್ಳಿಕೊಂಡು ಬೀದಿಬೀದಿಗೆ ಬರುತ್ತಿದ್ದರು. ಬೀದಿಯವರೆಲ್ಲ ಸೇರಿ ಮನೆಯ, ಮೋರಿಯ, ಮೂಲೆಯ ಕಸ ತೆಗೆದು ರಾಶಿ ಹಾಕಬೇಕು. ಯಾವ ಬೀದಿಯ ರಾಶಿ ಹೆಚ್ಚು ತೂಗುತ್ತದೋ ಆ ಬೀದಿಗೆ ಬಹುಮಾನ. ಬಹುಮಾನವೆಂದರೆ ಮೂರು ಜನ ಕೂರುವ ಸಿಮೆಂಟಿನ ಬೆಂಚು, ಬೀದಿಯವರು ಹೇಳಿದ ಜಾಗದಲ್ಲಿ ಪುರಸಭೆಯವರೇ ಹಾಕಿಕೊಡುತ್ತಾರೆ.

ಆ ದಿನ ಎದುರುಮನೆ ಖಾಲಿ ಇರುವುದನ್ನು ಅವರು ಕಂಡರು. ತಿಂಗಳು ತುಂಬುವಷ್ಟರಲ್ಲಿ ಹೆಂಡತಿಯನ್ನು ಕರೆದುಕೊಂಡು ಬಂದು ಒಕ್ಕಲಾದರು.

ಆಕೆ ತುಂಬಿದ ಮೈಯವಳು, ನಕ್ಕರೆ ಮೂರು ಮನೆಗೆ ಕೇಳಬೇಕು. ಮಂಡಿ ಮಾತ್ರ ಹೋಗಿತ್ತು. “ಇವರು ಬಾಡಿಗೆ ನೋಡಿದ್ರು, ಕಿಟಕಿ ನೋಡಿದ್ರು, ನಲ್ಲಿ ತಿರುಗಿಸಿ ನೋಡಿದ್ರು. ಏರು ಒಂದು ಕಣ್ಣಿಗೆ ಬೀಳಲಿಲ್ಲ ನೋಡಿ ಅಕ್ಕಾ!” ಎಂದು ಬಂದ ದಿನವೇ ನನ್ನ ಹತ್ತಿರ ದೂರು ಹೇಳಿದಳು. ನಡೆಯುವುದನ್ನು ನಿಲ್ಲಿಸಬೇಡಿ, ನಡುನಡುವೆ ಕೂತು ಹೋಗಿ ಎಂದು ಡಾಕ್ಟರು ಹೇಳಿದ್ದರಂತೆ. “ಎಲ್ಲಿ ಕೂರಲಿ? ನಿಮ್ಮ ಕುರ್ಚಿ ಹೊತ್ಕೊಂಡು ಹೋಗ್ಲಾ?” ಎಂದು ಡಾಕ್ಟರನ್ನೇ ಕೇಳಿ ಬಂದವಳು.

ಮಾರುಕಟ್ಟೆಯಿಂದ ಅವರ ಮನೆಗೆ ಇನ್ನೂರ ಹತ್ತು ಹೆಜ್ಜೆ. ನೂರು ದಾಟುವಷ್ಟರಲ್ಲಿ ಆಕೆಗೆ ಉಸಿರು ಕಟ್ಟುತ್ತಿತ್ತು. ಅಲ್ಲಿ ಒಂದು ಕಡೆ ಶಾಲೆಯ ಎತ್ತರದ ಗೋಡೆ, ಇನ್ನೊಂದು ಕಡೆ ಗೋದಾಮಿನ ಗೋಡೆ, ಜಗಲಿಯಿಲ್ಲ, ಮೆಟ್ಟಿಲಿಲ್ಲ. ಒಂದು ದೀಪದ ಕಂಬವಿತ್ತು. ಅದನ್ನು ತಬ್ಬಿಕೊಂಡು ನಿಲ್ಲುತ್ತಿದ್ದಳು. ಒಂದು ಸಲ ತಲೆ ಸುತ್ತಿ ಬೀದಿಯಲ್ಲೇ ಕುಸಿದು ಕೂತಾಗ ಮೇಲಿನಿಂದ ಬಂದ ಸೈಕಲ್ಲು ಕೂದಲೆಳೆಯಲ್ಲಿ ತಪ್ಪಿತು.

ಅದನ್ನು ಕಂಡು ಬೀದಿಯ ದರ್ಜಿ ಎರಡು ಇಟ್ಟಿಗೆಯ ಮೇಲೆ ಒಂದು ಹಲಗೆ ಹಾಕಿದ. ಹದಿನೈದು ದಿನ ಆಕೆ ಸುಖವಾಗಿ ಕೂತಳು. ಹದಿನಾರನೆಯ ದಿನ ಪುರಸಭೆಯ ಲಾರಿ ಬಂತು. ರಸ್ತೆಯ ಮೇಲೆ ಯಾರೂ ಸ್ವಂತದ್ದೇನೂ ಇಡಕೂಡದಂತೆ. ಲಾರಿಯಿಂದ ಇಳಿದವರು, ಆ ದಿನ ಆಳು ಸಾಲದೆ ಜೊತೆಗೆ ಬಂದಿದ್ದ ತೂಕಪ್ಪನವರು. ಹೆಂಡತಿ ಕೂರುವ ಹಲಗೆಯನ್ನು ತಾವೇ ಎತ್ತಿ ಲಾರಿಗೆ ಹಾಕಿದರು.

“ಸತ್ಯಹರಿಶ್ಚಂದ್ರನ ತುಂಡು!” ಎಂದ ದರ್ಜಿ. “ನೀವು ನೋಡದೆ ಇದ್ದಿದ್ರೆ ಆಗ್ತಿರಲಿಲ್ವಾ?”

“ಕಣ್ಣ ಮುಂದೇನೇ ಇದ್ಯಲ್ಲಪ್ಪ,” ಎಂದರು ತೂಕಪ್ಪನವರು.

ಉಳಿದದ್ದು ಬಹುಮಾನದ ಬೆಂಚು ಒಂದೇ. ಅದು ನಮಗೆ ಬರುವ ಹಾಗಿರಲಿಲ್ಲ. ಏರುಬೀದಿಯಲ್ಲಿ ಬಿದ್ದದ್ದೆಲ್ಲ ಉರುಳಿ ಕೆಳಮನೆಯವರ ಬಾಗಿಲಿಗೆ ಹೋಗುತ್ತದೆ, ಅವರು ಬಂದು ಜಗಳ ತೆಗೆಯುತ್ತಾರೆ. ಆ ಹೆದರಿಕೆಗೆ ನಾವು ದಿನಾ ಗುಡಿಸುತ್ತಿದ್ದೆವು. ಮುರಿದ ಸಾಮಾನು ಗುಜರಿಯವನಿಗೆ ಆಗಿಂದಾಗಲೇ ಹೋಗುತ್ತಿತ್ತು. ವಸಂತ ಬಂದಾಗ ನಮ್ಮ ರಾಶಿ ಎಂದರೆ ನಾಲ್ಕು ಒಡೆದ ಬಕೆಟ್ಟು. ಮಾರುಕಟ್ಟೆಯ ಹಿಂದಿನ ಕೆಳಬೀದಿಯವರು ಹಾಗಲ್ಲ. ಮುರಿದ ಮಂಚ, ಹರಿದ ಹಾಸಿಗೆ, ಎಲ್ಲವನ್ನೂ ಬಹುಮಾನಕ್ಕೆಂದು ವರ್ಷವಿಡೀ ಮಹಡಿ ಮೆಟ್ಟಿಲ ಕೆಳಗೆ ತುಂಬಿಡುತ್ತಿದ್ದರು. ಅವರ ಮುಂದಾಳು ಬೇಕರಿಯಮ್ಮ. ಮೂರು ವಸಂತದಲ್ಲಿ ಮೂರು ಬೆಂಚು ಗೆದ್ದು ಸಾಲಾಗಿ ಹಾಕಿಸಿಕೊಂಡಿದ್ದಳು. ಕೂರುವವರಿಲ್ಲದೆ ಅವುಗಳ ಮೇಲೆ ಬಟ್ಟೆ ಒಣಗುತ್ತಿತ್ತು.

ನಾಲ್ಕನೆಯ ವಸಂತಕ್ಕೆ ನಮ್ಮವರು ಒಂದು ಉಪಾಯ ಮಾಡಿದರು. ನಾನೂ ಅದರಲ್ಲಿದ್ದೆ, ಸುಳ್ಳು ಹೇಳುವುದಿಲ್ಲ. ಚೀಲದ ತಳದಲ್ಲಿ ಕಲ್ಲು, ಮೇಲೆ ಕಸ. ಹನ್ನೆರಡು ಚೀಲವಾಯಿತು. ತೂಕಪ್ಪನವರು ಮೊದಲ ಚೀಲವನ್ನು ಯಂತ್ರದ ಮೇಲಿಟ್ಟರು. ಮುಳ್ಳು ನೋಡಿದರು, ಚೀಲ ನೋಡಿದರು, ದರ್ಜಿಯ ಮುಖ ನೋಡಿದರು.

“ಏನಪ್ಪಾ, ನಿನ್ನ ಚಿಂದಿ ಬಟ್ಟೆ ಇಷ್ಟು ತೂಗುತ್ತಾ?”

“ದಪ್ಪ ಬಟ್ಟೆ, ಮಾವ.”

ಚೀಲವನ್ನು ಬುಡಮೇಲು ಮಾಡಿದರು. ಕಲ್ಲುಗಳು ಉರುಳಿ ಮಾರುಕಟ್ಟೆಯ ಕಡೆಗೆ ಓಡಿದವು. ಹನ್ನೆರಡು ಚೀಲವನ್ನೂ ಸುರಿದರು. ಕೊನೆಯದರಿಂದ ಬಿದ್ದದ್ದು ಒಂದು ಚಪ್ಪಟೆ ಕಲ್ಲು, ಅಂಚಿಗೆ ನೀಲಿ ಬಣ್ಣ ಹತ್ತಿತ್ತು. ಗಾಳಿಗೆ ಬಾಗಿಲು ಬಡಿಯದಿರಲಿ ಎಂದು ಅವರೇ ಮನೆಯಲ್ಲಿ ಒತ್ತು ಕೊಡುತ್ತಿದ್ದ ಕಲ್ಲು. ಬಾಗಿಲಿಗೆ ಬಣ್ಣ ಹೊಡೆಯುವಾಗ ಅದಕ್ಕೂ ತಾಗಿತ್ತು. ಅವರು ಕಲ್ಲನ್ನು ಕೈಗೆತ್ತಿಕೊಂಡು ಹೆಂಡತಿಯ ಕಡೆ ತಿರುಗಿದರು.

“ಏನೇ, ಇದು ನಮ್ಮನೇದಲ್ವಾ?”

“ಹೌದು, ನಮ್ಮನೇದೇ,” ಎಂದಳು ಆಕೆ. “ಕಲ್ಲು ನಮ್ಮನೇದು, ಮಂಡಿ ನನ್ನದು. ನಿಮ್ಮದೇನಿದೆ ಹೇಳಿ, ಬರೀ ಮುಳ್ಳು!”

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಕಲ್ಲು ತೆಗೆದು ಉಳಿದದ್ದನ್ನು ತೂಗಿದರು. ಎಂದಿನ ಹಾಗೆ ನಾವು ಕೊನೆ. ಕೆಳಬೀದಿಗೆ ನಾಲ್ಕನೆಯ ಬೆಂಚು.

ಆಕೆ ಎಂಟು ದಿನ ಗಂಡನ ಜೊತೆ ಮಾತು ಬಿಟ್ಟಳು. ಮಾತೆಲ್ಲ ನನ್ನ ಮೂಲಕ ಹಾಯಬೇಕು. ತನ್ನ ಬಾಗಿಲಲ್ಲಿ ನಿಂತು, “ಅಕ್ಕಾ, ಸ್ನಾನಕ್ಕೆ ನೀರು ಕಾದಿದೆ ಅಂತ ಹೇಳಿ ಅವರಿಗೆ,” ಎನ್ನುವಳು. ಅವರು ಆಕೆಯ ಬೆನ್ನ ಹಿಂದೆಯೇ ನಿಂತು, “ಬಂದೆ ಅಂತ ಹೇಳಿ,” ಎನ್ನುವರು. ನಾನು ಬೀದಿಯ ಈಚೆ ನಿಂತು ಇಬ್ಬರಿಗೂ ಹೇಳುವೆನು.

ಒಂಬತ್ತನೆಯ ದಿನ ಸಂಜೆ ಅವರು ನನ್ನ ಜಗಲಿಯ ಮೇಲೆ ಬಂದು ಕೂತರು. ಆಕೆ ಮಾರುಕಟ್ಟೆಯಿಂದ ಬರುವ ಹೊತ್ತು. ಕೆಳಗೆ ಕಂಬ ತಬ್ಬಿ ನಿಂತದ್ದು ಇಬ್ಬರಿಗೂ ಕಾಣುತ್ತಿತ್ತು. ಅವರು ಎದ್ದು ಹೋಗಿ ಚೀಲ ತೆಗೆದುಕೊಂಡರು, ತೋಳು ಕೊಟ್ಟರು. ಆಕೆ ತೋಳು ಹಿಡಿದಳು, ಮುಖ ಆಚೆ ತಿರುಗಿಸಿಕೊಂಡೇ. ಮನೆಯೊಳಗೆ ಬಿಟ್ಟು ಮತ್ತೆ ಬಂದು ಕೂತು ಅವರು ಹೇಳಿದರು: “ಅಕ್ಕಾ, ಯಂತ್ರ ಸರಿ ಇದೆ. ನಾನೂ ಸರಿಯಾಗೇ ತೂಗಿದೀನಿ. ಆದ್ರೂ ಎಲ್ಲೋ ತಪ್ಪಿದೆ.”

“ಎಲ್ಲಿ?”

“ವರ್ಷವಿಡೀ ಕಸ ಬಿದ್ದಿದೆ ಅಂತ ಹೆಚ್ಚು ದೂರು ಬರೋ ಬೀದಿ ಯಾವುದು ಹೇಳಿ. ಕೆಳಬೀದಿ. ಬಹುಮಾನ ಅವರಿಗೇ. ಗುಡಿಸೋರಿಗೆ ಸೋಲು, ಕೂಡಿಡೋರಿಗೆ ಗೆಲುವು. ಇದನ್ನ ಮೇಲಿನೋರಿಗೆ ಹೇಳ್ಬೇಕು. ಆದ್ರೆ ನಾನು ಈ ಬೀದಿಯೋನು. ಹೆಂಡ್ತಿಗೋಸ್ಕರ ಹೇಳ್ತಾನೆ ಅಂದುಬಿಟ್ರೆ?”

“ಅನ್ನಲಿ ಬಿಡಿ,” ಎಂದೆ. “ಆಡೋರ ಬಾಯಿಗೆ ಬೀಗ ಇದೆಯಾ?”

ಪುರಸಭೆಯ ಸಭಾಂಗಣದಲ್ಲಿ ಪ್ರತಿ ವರ್ಷ ಬಹುಮಾನದ ನಂತರ ಸಾರ್ವಜನಿಕರ ಸಲಹೆ ಕೇಳುವ ಸಭೆ ಇರುತ್ತಿತ್ತು. ನಾನೂ ಆಕೆಯೂ ಹೋಗಿ ಎರಡನೆಯ ಸಾಲಿನಲ್ಲಿ ಕೂತೆವು. ಮುಖ್ಯಾಧಿಕಾರಿ ಒಬ್ಬ ಹೆಂಗಸು, ಕನ್ನಡಕದವರು. ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಬಾಗಿಲ ಹತ್ತಿರ ನಿಂತಿದ್ದ ತೂಕಪ್ಪನವರು ಕೈ ಎತ್ತಿದರು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಆ ಸಭೆಯಲ್ಲಿ ಅವರು ಬಾಯಿ ತೆರೆದದ್ದೇ ಇಲ್ಲವಂತೆ.

“ಮೇಡಂ, ತೆಗೆದ ಕಸ ತೂಗ್ಬೇಡಿ. ಉಳಿದ ಕಸ ತೂಗಿ. ಸ್ವಚ್ಛತಾ ವಾರ ಆದ ಒಂದು ತಿಂಗಳೊಳಗೆ, ಹೇಳದೆ ಕೇಳದೆ ಒಂದು ಬೆಳಗ್ಗೆ ಹೋಗೋಣ. ಗೋಡೆಯಿಂದ ಗೋಡೆಗೆ ಬೀದೀಲಿ ಬಿದ್ದದ್ದೆಲ್ಲ ಗುಡಿಸಿ ತೂಗೋಣ. ಯಾರದು ಕಡಿಮೆಯೋ ಅವರಿಗೆ ಬೆಂಚು.”

ಬೇಕರಿಯಮ್ಮ ಎದ್ದೇಬಿಟ್ಟಳು. “ಓಹೋ! ಹೆಂಡ್ತಿ ಕೂರೋಕೆ ಬೆಂಚು ಬೇಕಾ? ತಕ್ಕಡಿ ಹಿಡಿಯೋನೇ ಬೀದಿಯೋನಾದ್ರೆ ಗೆಲ್ಲೋದೇನು ಕಷ್ಟ!”

ಸಭೆ ಗುಸುಗುಟ್ಟಿತು. ಆಕೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು. ತೂಕಪ್ಪನವರ ಕಿವಿ ಕೆಂಪಾಗಿತ್ತು. ಆದರೂ ದನಿ ಏರಿಸಲಿಲ್ಲ. “ಹೌದಮ್ಮ, ಬೇಕು. ಅದಕ್ಕೇ ನಮ್ಮ ಬೀದಿ ನಾನು ತೂಗಲ್ಲ. ನೀವೇ ಬಂದು ತೂಗಿ.”

ಮುಖ್ಯಾಧಿಕಾರಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, “ಆಗಬಹುದು,” ಎಂದರು.

ಮರುವರ್ಷ ಹಾಗೇ ನಡೆಯಿತು. ಸ್ವಚ್ಛತಾ ವಾರ ಮುಗಿದು ಮೂರು ವಾರಕ್ಕೆ ಯಂತ್ರ ಹೊರಟಿತು. ಮೊದಲ ದಿನ ಕೆಳಬೀದಿ, ಮೂವತ್ತೊಂದು ಕಿಲೋ. ಎರಡು ದಿನದಲ್ಲಿ ಉಳಿದ ಬೀದಿಗಳೂ ಆದವು. ಎಲ್ಲಕ್ಕಿಂತ ಕಡಿಮೆ ಗಡಿಯಾರದ ಬೀದಿ, ನಾಲ್ಕು ಕಿಲೋ ಆರುನೂರು ಗ್ರಾಂ. ಮೂರನೆಯ ಬೆಳಗ್ಗೆ ಬೇಕರಿಯಮ್ಮ ಸೆರಗು ಸಿಕ್ಕಿಸಿಕೊಂಡು ನಮ್ಮ ಬೀದಿ ಏರಿ ಬಂದಳು. ಹಿಂದೆ ಗುಡಿಸುವ ಇಬ್ಬರು.

ಹಿಂದಿನ ದಿನವೆಲ್ಲ ಗಾಳಿ ಬೀಸಿತ್ತು. ಶಾಲೆಯ ಗೋಡೆಯಾಚೆಯ ಮರ ಇದ್ದ ಹಳೆ ಎಲೆಯನ್ನೆಲ್ಲ ನಮ್ಮ ಬೀದಿಗೆ ಸುರಿದಿತ್ತು. ನಾವಿನ್ನೂ ಪೊರಕೆ ಹಿಡಿದಿರಲಿಲ್ಲ. ನನ್ನ ಜೀವ ಹಾರಿಹೋಯಿತು.

ಬೇಕರಿಯಮ್ಮ ಬಿಡಲಿಲ್ಲ. ಗೋಡೆಯ ಸಂದಿಯಿಂದ ಬಟ್ಟೆ ಪಿನ್ನು ತೆಗೆಸಿದಳು. ಮೋರಿಯ ಬಾಯಿಂದ ಹರಿದ ಚಪ್ಪಲಿ ಎಳೆಸಿದಳು. ಎಲೆಗಳ ಮುಂದೆ ನಿಂತು ದೂರದಲ್ಲಿ ಕೈಕಟ್ಟಿ ನಿಂತವರನ್ನು ಕೂಗಿದಳು: “ತೂಕಪ್ಪಾ! ಎಲೆ ಲೆಕ್ಕಕ್ಕೆ ಬರುತ್ತಾ ಇಲ್ವಾ?”

ಬೀದಿಯವರೆಲ್ಲ ಅವರ ಮುಖ ನೋಡಿದರು. ಇಲ್ಲ ಎಂಬ ಎರಡಕ್ಷರ ಸಾಕಿತ್ತು.

“ಬರುತ್ತೆ,” ಎಂದರು. “ನಿಮ್ಮ ಬೀದೀಲೂ ಹಿಡಿದಿದೀನಿ.”

“ಅವರ ಬೀದೀಲಿ ಮರಾನೇ ಇಲ್ವಲ್ರೀ!” ಎಂದು ಅವರ ಹೆಂಡತಿ ಹಣೆ ಚಚ್ಚಿಕೊಂಡಳು.

ಎಲ್ಲ ಗುಡಿಸಿ ತುಂಬಿದರೆ ಚೀಲ ಆಳುದ್ದ ಉಬ್ಬಿ ನಿಂತಿತು. ದರ್ಜಿ ಬಾಗಿಲು ಹಾಕಿಕೊಂಡು ಒಳಗೆ ಹೋದ. ಚೀಲವನ್ನು ಯಂತ್ರದ ಮೇಲಿಟ್ಟರು. ಬೇಕರಿಯಮ್ಮ ಬಗ್ಗಿದಳು. ಕಣ್ಣುಜ್ಜಿಕೊಂಡು ಮತ್ತೆ ಬಗ್ಗಿದಳು. ಮುಳ್ಳು ಮೂರು ಕಿಲೋ ಒಂಬೈನೂರರಲ್ಲಿ ನಿಂತಿತ್ತು. ಒಣಗಿದ ಎಲೆಗೆ ತೂಕವೆಲ್ಲಿ?

“ಯಂತ್ರ ಕೆಟ್ಟಿದೆ!” ಎಂದು ಬೇಕರಿಯಿಂದ ತನ್ನ ಐದು ಕಿಲೋ ಬಟ್ಟು ತರಿಸಿದಳು. ಇಟ್ಟಳು. ಸರಿಯಾಗಿ ಐದು. ಅರ್ಧ ಕಿಲೋ ಇಟ್ಟಳು. ಸರಿಯಾಗಿ ಅರ್ಧ. ಯಂತ್ರದ ಕೆಳಗೆ ಕೈ ಹಾಕಿ ತಡವಿದಳು. ಏನೂ ಸಿಗದೆ ಎದ್ದು ಸೊಂಟ ಹಿಡಿದುಕೊಂಡು, “ಸರಿ ಕಣಯ್ಯಾ, ಗೆದ್ದೆ,” ಎಂದಳು.

ತೂಕಪ್ಪನವರ ಹೆಂಡತಿ ಬೀದಿಯ ಆ ತುದಿಯಿಂದ ಕೂಗಿದಳು. “ರೀ! ಈಗಲಾದ್ರೂ ಬಾಯಿ ಬಿಡ್ರೀ!”

ತೂಕಪ್ಪನವರು ಗಂಟಲು ಸರಿಮಾಡಿಕೊಂಡರು. “ಚೀಲದ ತೂಕ ಕಳೀಬೇಕು.”

ಬೇಕರಿಯಮ್ಮನೂ ನಕ್ಕುಬಿಟ್ಟಳು.

ಬೆಂಚು ಎಲ್ಲಿ ಹಾಕಬೇಕೆಂದು ಬೀದಿಯವರು ಅವರನ್ನೇ ಕೇಳಿದರು. ಅವರು ಹೆಂಡತಿಯನ್ನು ಮಾರುಕಟ್ಟೆಯಿಂದ ಖಾಲಿ ಕೈಯಲ್ಲಿ ಒಮ್ಮೆ, ತರಕಾರಿ ಚೀಲ ಹಿಡಿಸಿ ಒಮ್ಮೆ ನಡೆಸಿದರು. ಆಕೆಗೆ ಸುಸ್ತಾದ ಎರಡೂ ಕಡೆ ಸೀಮೆಸುಣ್ಣದ ಗೆರೆ ಎಳೆದು, ಚೀಲ ಹಿಡಿದಾಗಿನ ಗೆರೆಯೇ ಸರಿ ಎಂದರು. ಕಂಬಕ್ಕಿಂತ ಆರು ಹೆಜ್ಜೆ ಕೆಳಗೆ. ಏರಿನಲ್ಲಿ ಬೆಂಚು ವಾಲದ ಹಾಗೆ ಗಾರೆಯವನನ್ನು ಮೂರು ಸಲ ಕೆಡವಿಸಿ ಕಟ್ಟಿಸಿದರು.

ನಾಲ್ಕು ವರ್ಷ ನಾವು ಮೂವರೂ ಅದರ ಮೇಲೆ ಕೂತೆವು. ಅವರು ನಿವೃತ್ತರಾದ ಮೇಲೆ ದಿನಾ ಸಂಜೆ ಐದಕ್ಕೆ. ಆಕೆ ನಡುವೆ, ನಾವು ಎರಡು ತುದಿಗೆ. ಹೋಗುವವರೆಲ್ಲ ನಿಂತು ನಾಲ್ಕು ಮಾತಾಡುತ್ತಿದ್ದರು. ಬೇಕರಿಯಮ್ಮನೂ ಬರುತ್ತಿದ್ದಳು. “ಸೋತವರಿಗೂ ಒಂದಿಷ್ಟು ಜಾಗ ಕೊಡ್ರೇ” ಎಂದು ನುಗ್ಗಿ ಕೂರುತ್ತಿದ್ದಳು.

ತೂಕಪ್ಪನವರು ಹೋದದ್ದು ನೆಮ್ಮದಿಯಾಗಿ, ನಿದ್ದೆಯಲ್ಲಿ. ಆಕೆ ಈಗಲೂ ಮಾರುಕಟ್ಟೆಗೆ ತಾನೇ ಹೋಗುತ್ತಾಳೆ, ತಾನೇ ಬರುತ್ತಾಳೆ.

ಅವರು ಹೋಗುವ ಹಿಂದಿನ ಸಂಜೆಯೂ ನಾವು ಬೆಂಚಿನ ಮೇಲೇ ಕೂತಿದ್ದೆವು. ಆಕೆ ಮಾರುಕಟ್ಟೆಯಿಂದ ಕಿತ್ತಳೆ ತಂದಿದ್ದಳು. ನಾನೂ ಆಕೆಯೂ ಸುಲಿದು ತಿನ್ನುತ್ತ ಯಾವುದೋ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವರು ಮಾತ್ರ ಬಗ್ಗಿ ಬೆಂಚಿನ ಕೆಳಗೆ ನೋಡುತ್ತಿದ್ದರು. ಆಮೇಲೆ ಎದ್ದು ಕೂತು, ಬಹಳ ಮರ್ಯಾದೆಯಿಂದ ನನ್ನನ್ನು ಕೇಳಿದರು:

“ಅಕ್ಕಾ, ಕೆಳಗೆ ಬಿದ್ದಿರೋ ಸಿಪ್ಪೆ ನಿಮ್ಮದಾ, ನಮ್ಮೋಳದಾ?”