ಹೆಸರಿಲ್ಲದ ಸಂಕಲ್ಪ

ಕಾಶಿಯ ಕೇದಾರ ಘಾಟಿನಲ್ಲಿ ಬೆಳಗಿನ ಹೊತ್ತು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದೇ ಇಲ್ಲ. ಮೋಟರ್ ದೋಣಿಗಳು, ಗಂಟೆಗಳು, ಕಳೆದುಹೋದ ಅಜ್ಜಿಯರನ್ನು ಕೂಗಿ ಕರೆಯುವ ಲೌಡ್‌ಸ್ಪೀಕರು. ಇಷ್ಟರ ನಡುವೆ ನಮ್ಮಪ್ಪ ಛತ್ರಿಯ ಕೆಳಗೆ ಕೂತು, ಕರ್ನಾಟಕದಿಂದ ಬಂದ ಯಾತ್ರಿಕರಿಗೆ ಪಿತೃಕಾರ್ಯ ಮಾಡಿಸುತ್ತಾರೆ. ಅಪ್ಪ ಒಂದು ಮಂತ್ರ ಹೇಳಿದರೆ ಯಾತ್ರಿಕರು ಇನ್ನೊಂದನ್ನು ಹೇಳುತ್ತಾರೆ. ಒಬ್ಬರಂತೂ ತರ್ಪಣ ಮುಗಿಯುವ ತನಕ ‘ಹಾಂ? ಹಾಂ?’ ಎಂದಷ್ಟೇ ಹೇಳಿ ಭಕ್ತಿಯಿಂದ ಎದ್ದುಹೋದರು.

ಅದನ್ನು ನೋಡಿ ನೋಡಿ ನಾನೊಂದು ಪ್ರೋಗ್ರಾಂ ಬರೆದೆ. ಘಾಟಿನ ಗದ್ದಲವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅದಕ್ಕೆ ಕೊಟ್ಟರೆ, ದೋಣಿ, ಗಂಟೆ, ಅಜ್ಜಿಯರನ್ನೆಲ್ಲ ಬದಿಗೆ ಸರಿಸಿ ಪುರೋಹಿತರ ಧ್ವನಿಯನ್ನಷ್ಟೇ ಹೊರಗೆ ಬಿಡುತ್ತಿತ್ತು. ಓದಿದ್ದು ಬಿ.ಕಾಂ. ಕಂಪ್ಯೂಟರ್ ಕಲಿತದ್ದೆಲ್ಲ ತಾರಸಿಯ ಮೇಲೆ, ಕೋತಿಗಳಿಂದ ಚಾರ್ಜರ್ ಕಾಪಾಡಿಕೊಳ್ಳುತ್ತಾ, ವಿಡಿಯೋ ನೋಡಿಕೊಂಡು. ಆದರೂ ಇದರ ಬಗ್ಗೆ ಪೇಪರ್ ಬರೆದು ಒಂದು ದೊಡ್ಡ ಕಂಪ್ಯೂಟರ್ ಜರ್ನಲ್‌ಗೆ ಕಳಿಸಬೇಕು ಎನ್ನುವ ಹುಚ್ಚು ಹಿಡಿಯಿತು.

ಜರ್ನಲ್‌ನ ನಿಯಮಗಳ ಪುಟವನ್ನು ನಾನು ಓದಿದ ಹಾಗೆ ಅದನ್ನು ಬರೆದವರೂ ಓದಿರಲಿಕ್ಕಿಲ್ಲ. ಪೇಪರನ್ನು ಪರೀಕ್ಷಿಸಲು ಕೆಲವು ತಜ್ಞರನ್ನು ಸೂಚಿಸಬಹುದು, ಆದರೆ ಅವರು ನೆಂಟರಾಗಿರಬಾರದು ಎಂದಿತ್ತು. ನಾವಿರುವ ಬಂಗಾಲಿ ಟೋಲಾ ಬೀದಿಯ ಕನ್ನಡದವರಲ್ಲಿ ನೆಂಟರಲ್ಲದವರು ಯಾರಿದ್ದಾರೆ? ಆ ಜಾಗ ಖಾಲಿ ಬಿಟ್ಟೆ. ಯಾರ ಧ್ವನಿಯನ್ನು ಬಳಸಿದ್ದೀರೋ ಅವರ ಒಪ್ಪಿಗೆ ಬೇಕು ಎಂದೂ ಇತ್ತು. ಅಪ್ಪನನ್ನು ಕೇಳಿದೆ.

“ನೀನು ಹುಟ್ಟೋವಾಗ ನನ್ನ ಒಪ್ಪಿಗೆ ಕೇಳಿದ್ಯಾ? ಹೋಗೋ,” ಎಂದರು. ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೆಸರು ಮುಚ್ಚುವ ನಿಯಮ. ಪೇಪರ್ ಬರೆದವರು ಯಾರು, ಯಾವ ಊರು, ಯಾವ ಸಂಸ್ಥೆ ಎಂಬುದು ಪರೀಕ್ಷಿಸುವವರಿಗೆ ಗೊತ್ತಾಗಕೂಡದು. ಅವರು ಯಾರೆಂಬುದು ನಮಗೂ ಗೊತ್ತಾಗುವುದಿಲ್ಲ. ನನಗಿದ್ದ ಒಂದೇ ದಾರಿ ಅದು. ಹೆಸರಿನ ಪಕ್ಕದಲ್ಲಿ ಹಾಕಿಕೊಳ್ಳಲು ನನಗೆ ಕಾಲೇಜಿಲ್ಲ, ಪ್ರಯೋಗಾಲಯವಿಲ್ಲ, ಮಾರ್ಗದರ್ಶಕರಿಲ್ಲ. ಹೆಸರು ಕಂಡರೆ ಎರಡನೆಯ ಪುಟಕ್ಕೂ ಯಾರೂ ಹೋಗುವುದಿಲ್ಲ ಅನ್ನಿಸಿತ್ತು. ಹೆಸರು ಮುಚ್ಚಿದ್ದರೆ ನಾನೂ ಒಬ್ಬ ವಿಜ್ಞಾನಿ! ಪೇಪರಿನಿಂದ ನನ್ನ ಹೆಸರು, ಕಾಶಿ, ಗಂಗೆ, ಘಾಟು ಎಲ್ಲವನ್ನೂ ಹುಡುಕಿ ಹುಡುಕಿ ಅಳಿಸಿ, ಮಾದರಿಗೆಂದು ಅಪ್ಪನ ಧ್ವನಿಯ ಎರಡು ತುಣುಕು ಸೇರಿಸಿ ಕಳಿಸಿದೆ. ಒಂದು ಗದ್ದಲ ತೆಗೆಯುವ ಮುಂಚಿನದು, ಇನ್ನೊಂದು ತೆಗೆದ ಮೇಲಿನದು.

ಪೇಪರ್ ವಾಪಸ್ ಬಂತು. ಜೊತೆಗೆ ಸಂಪಾದಕರ ಕಚೇರಿಯಿಂದ ಬಹಳ ಮರ್ಯಾದೆಯ ಒಂದು ಇಮೇಲ್. ಮೊದಲನೆಯ ತುಣುಕಿನಲ್ಲಿ ಏನೂ ಕೇಳಿಸುತ್ತಿಲ್ಲ. ಎರಡನೆಯದು ಅತ್ಯಂತ ಸ್ಪಷ್ಟವಾಗಿದೆ. ಎಷ್ಟು ಸ್ಪಷ್ಟವೆಂದರೆ, ನಿಮ್ಮ ಖಾತೆಯಲ್ಲಿರುವ ಹೆಸರು, ನಿಮ್ಮ ಊರಿನ ಹೆಸರು ಎರಡೂ ಅದರಲ್ಲಿ ಕೇಳಿಸುತ್ತಿವೆ. ಸರಿಪಡಿಸಿ ಇನ್ನೊಂದು ಸಲ ಮಾತ್ರ ಕಳಿಸಬಹುದು.

ಇಯರ್‌ಫೋನ್ ಹಾಕಿಕೊಂಡು ಕೇಳಿದೆ. “ಏನಾದ್ರೂ ಹೇಳಿ ಅಪ್ಪಾ” ಎಂದಿದ್ದಕ್ಕೆ ಅಪ್ಪ ಸಂಕಲ್ಪ ಹೇಳಿದ್ದರು. ಯಾವ ಕೆಲಸಕ್ಕೂ ಮೊದಲು ಯಾವ ಕಾಲ, ಗಂಗೆಯ ಯಾವ ದಡ, ಯಾವ ತಿಥಿ, ಯಾವ ಗೋತ್ರ, ಏನು ಹೆಸರು, ಏನು ಬೇಕು ಎಂದು ದೇವರಿಗೆ ವಿವರವಾಗಿ ತಿಳಿಸುವುದೇ ಅವರ ವೃತ್ತಿ. ನಮ್ಮ ಕಡೆಯಿಂದ ದೇವರಿಗೆ ಯಾವ ಗೊಂದಲವೂ ಉಳಿಯಬಾರದು. ಕಾಶಿ, ಕೇದಾರ, ನನ್ನ ಗೋತ್ರ, ನನ್ನ ಪೂರ್ತಿ ಹೆಸರು, ಕೊನೆಗೆ ‘ಪೇಪರ್ ಅಂಗೀಕಾರ ಸಿದ್ಧ್ಯರ್ಥಂ’! ನನ್ನ ಪ್ರೋಗ್ರಾಂ ಒಂದಕ್ಷರವನ್ನೂ ಬಿಡದೆ ತೊಳೆದು ಥಳಥಳ ಹೊಳೆಯಿಸಿತ್ತು. ಹುಟ್ಟಿದಾಗಿನಿಂದ ದಿನವೂ ಕೇಳಿದ ಮಾತಾದ್ದರಿಂದ ಅದು ನನ್ನ ಕಿವಿಗೇ ಬಿದ್ದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆದೆ. “ಅಪ್ಪಾ, ಇನ್ನೊಂದ್ಸಲ ರೆಕಾರ್ಡ್ ಮಾಡ್ಬೇಕು. ಈ ಸಲ ಹೆಸರು ಹೇಳ್ಬಾರ್ದು. ಅದು ಜರ್ನಲ್‌ನವರ ಪಾಲಿಸಿ.”

“ಹೆಸರು ಹೇಳ್ದೆ ಸಂಕಲ್ಪಾನಾ? ಫಲ ಯಾರಿಗೋ ಹೋಗತ್ತೆ? ಪಕ್ಕದ ಪಾನ್‌ವಾಲಾಗಾ?”

“ಸಂಕಲ್ಪಾನೇ ಬೇಡ. ಬರೀ ಮಾತಾಡಿ ಸಾಕು.”

“ಘಾಟ್‌ನಲ್ಲಿ ಕೂತು ಬರೀ ಮಾತಾಡೋಕೆ ನಾನೇನು ದೋಣಿ ನಡೆಸೋ ನಾವ್‌ವಾಲಾನಾ?” ಎಂದ ಅಪ್ಪ ಸಾರು ಕಲಸುವುದನ್ನು ನಿಲ್ಲಿಸಿದರು. “ಅಲ್ಲ, ನಮ್ಮ ಹೆಸರು ಹೇಳ್ಕೊಳ್ಳೋಕೆ ನಿಂಗೆ ನಾಚಿಕೆನಾ?”

ಅಮ್ಮ ಸೌಟು ಹಿಡಿದು ನಿಂತೇಬಿಟ್ಟಳು.

“ನಾಚಿಕೆ ಅಲ್ಲಪ್ಪಾ. ಅಲ್ಲಿ ಎಲ್ಲರ ಹೆಸರಿನ ಹಿಂದೆ ಒಂದೊಂದು ದೊಡ್ಡ ಯೂನಿವರ್ಸಿಟಿ ಇರತ್ತೆ. ನನ್ನ ಹಿಂದೆ ಕೋತಿಗಳಷ್ಟೇ ಇರೋದು. ಹೆಸರು ಮುಚ್ಚಿದ್ರೆ ಕೆಲಸ ನೋಡ್ತಾರೆ. ಇಲ್ದಿದ್ರೆ ನನ್ನ ನೋಡ್ತಾರೆ.”

ಅಪ್ಪ ಸಾರನ್ನ ಮುಗಿಸಿ, ಮಜ್ಜಿಗೆ ಹಾಕಿಸಿಕೊಂಡು, ಅದೂ ಮುಗಿದ ಮೇಲೆ ಹೇಳಿದರು. “ಗೋತ್ರ ಗೊತ್ತಿಲ್ಲ ಅನ್ನೋರು ಎಷ್ಟೋ ಜನ ಬರ್ತಾರೆ. ಅವರಿಗೆಲ್ಲ ಕಾಶ್ಯಪ ಗೋತ್ರ ಅಂತ ಹೇಳಿಸ್ತೀವಿ. ಶಾಸ್ತ್ರದಲ್ಲಿ ಒಪ್ಪಿಗೆ ಇದೆ. ಹೆಸರಿನ ಜಾಗಕ್ಕೆ ‘ಅಮುಕ’ ಅನ್ನೋಣ. ಇಂಥವನು ಅಂತ ಅರ್ಥ. ಪುಸ್ತಕದಲ್ಲಿ ಹಾಗೇ ಅಚ್ಚಾಗಿರತ್ತೆ.”

ನಾನು ಹಿಗ್ಗಿಹೋದೆ. ಜರ್ನಲ್‌ನವರ ನಿಯಮಕ್ಕೆ ಶಾಸ್ತ್ರಾಧಾರ ಸಿಕ್ಕಿತ್ತು.

ಅಪ್ಪನಿಗೆ ಇದು ಎಂಥ ತ್ಯಾಗ ಎಂಬುದು ಮರುದಿನ ಘಾಟಿನಲ್ಲಿ ಗೊತ್ತಾಯಿತು. ಪುಸ್ತಕದಲ್ಲಿರುವ ‘ಅಮುಕ’ವನ್ನು ಹಾಗೆಯೇ ಓದುವವರು ಹೊಸದಾಗಿ ಕಲಿಯುತ್ತಿರುವ ಪಾಠಶಾಲೆಯ ಮಕ್ಕಳು ಮಾತ್ರ. ಅಪ್ಪ ಛತ್ರಿಯಡಿ ಕೂತು ಗಂಟಲು ಸರಿಮಾಡಿಕೊಂಡರು. ನಾನು ಫೋನ್ ಹಿಡಿದು ಪಿಸುಗುಟ್ಟಿದೆ. “ಗಂಗೆ ಅಂತಾನೂ ಬೇಡಪ್ಪಾ. ಊರು ಗೊತ್ತಾಗಿಬಿಡತ್ತೆ.”

“ಎದುರಿಗೇ ಹರೀತಿದಾಳಲ್ಲೋ! ಅವಳ ಮುಖ ನೋಡ್ಕೊಂಡು ‘ಯಾವುದೋ ಒಂದು ನದಿ’ ಅಂತ ಹೇಗೋ ಅನ್ನಲಿ?”

ಆದರೂ ಅಂದರು. ಮೊದಲು ಒಂದು ಬೊಗಸೆ ನೀರು ತಲೆಗೆ ಹಾಕಿಕೊಂಡು, ಗಂಗೆಯ ಕಡೆಗೆ ‘ಹುಡುಗನಿಗೋಸ್ಕರ’ ಎಂದು ಕೈಮುಗಿದು, ಅಮುಕ ನದಿ, ಅಮುಕ ಕ್ಷೇತ್ರ, ಕಾಶ್ಯಪ ಗೋತ್ರ, ಅಮುಕ ಶರ್ಮ ಎಂದು ಗಟ್ಟಿಯಾಗಿ ಹೇಳುತ್ತಾ ಹೋದರು. ಪಕ್ಕದ ಛತ್ರಿಯ ಪುರೋಹಿತರೂ ಕನ್ನಡದವರೇ. ದೂರದ ಸಂಬಂಧದಲ್ಲಿ ನನಗೆ ಸೋದರಮಾವ. ಅವರ ಕಿವಿ ನೆಟ್ಟಗಾಯಿತು.

“ಏನ್ ಭಾವ, ಯಜಮಾನ್ರ ಹೆಸರು ಮರೆತ್ರಾ? ಊರೂ ಮರೆತ್ರಾ? ಅರೇ, ಯಾರಾದ್ರೂ ಇವರನ್ನ ಮನೆ ತಲುಪಿಸ್ರಪ್ಪಾ!”

“ಹೆಸರು ಹೇಳ್ಬಾರ್ದಂತೆ ಕಣಯ್ಯಾ. ಪಾಲಿಸಿ!”

“ಪಾಲಿಸೀನಾ? ಎಲ್‌ಐಸೀನಲ್ಲೂ ಹೆಸರು ಕೇಳ್ತಾರಲ್ಲ ಭಾವ!”

ಸುತ್ತಲಿನ ಛತ್ರಿಗಳೆಲ್ಲ ನಕ್ಕವು. ಅಪ್ಪ ಕಿವಿಯ ತುದಿಯವರೆಗೂ ಕೆಂಪಾದರು, ಆದರೆ ಒಂದಕ್ಷರವನ್ನೂ ನುಂಗಲಿಲ್ಲ. ಆ ತುಣುಕಿನಿಂದ ಸೋದರಮಾವನ ನಗುವನ್ನು ತೆಗೆಯುವುದಕ್ಕೆ ನನ್ನ ಪ್ರೋಗ್ರಾಂ ಪಟ್ಟ ಕಷ್ಟ ಯಾವ ಮೋಟರ್ ದೋಣಿಗೂ ಪಟ್ಟಿರಲಿಲ್ಲ.

ಈ ಸಲ ಪೇಪರ್ ವಾಪಸ್ ಬರದೆ ಒಳಗೆ ಹೋಯಿತು. ಕೆಲವು ತಿಂಗಳ ಮೇಲೆ ಪರೀಕ್ಷಕರ ಉತ್ತರ ಬಂದಾಗ ಬಾಗಿಲು ಹಾಕಿಕೊಂಡು ಓದಿದೆ. ಒಪ್ಪಿರಲಿಲ್ಲ, ತಳ್ಳಿಹಾಕಿಯೂ ಇರಲಿಲ್ಲ. ಕೆಲಸ ಚೆನ್ನಾಗಿದೆ, ಹೀಗೆ ಹೀಗೆ ತಿದ್ದಬೇಕು ಎಂದು ಪುಟಗಟ್ಟಲೆ ಬರೆದಿದ್ದರು. ಕೊನೆಯ ಪುಟದವರೆಗೂ ಓದಿದ್ದರು! ನಡುವೆ ಒಂದು ಸಾಲು: ‘ಲೇಖಕರ ಪ್ರಯೋಗಾಲಯದಲ್ಲಿ ಮಹಿಳೆಯರ ಧ್ವನಿಯನ್ನೂ ಪರೀಕ್ಷಿಸಿದರೆ ಒಳ್ಳೆಯದು.’

“ಅಪ್ಪಾ! ನಮ್ಮದು ಪ್ರಯೋಗಾಲಯ ಅಂತೆ! ಹೆಂಗಸರ ಧ್ವನೀನೂ ಬೇಕಂತೆ!”

“ಅಂತೆ ಏನು, ಹೌದು,” ಎಂದು ಅಪ್ಪ ತಾರಸಿಯ ಕಡೆ ನೋಡಿದರು. “ನಿಮ್ಮಮ್ಮನ್ನ ಕರ್ಕೊಂಡು ಹೋಗು. ಇವಳ ಧ್ವನಿಗೆ ನಿನ್ನ ಪ್ರೋಗ್ರಾಂ ಕೂಡ ಬೇಕಾಗಲ್ಲ.”

ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಘಾಟಿಗೆ ಬಂದಳು. ಮಂತ್ರಗಿಂತ್ರ ಹೇಳುವುದಿಲ್ಲ, ತೋಚಿದ್ದು ಹೇಳುತ್ತೇನೆ ಎಂದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮುಖದ ಹತ್ತಿರ ತಂದು ಶುರುಮಾಡಿದಳು.

“ನಮಸ್ಕಾರ. ನೀವ್ಯಾರೋ ನಮಗೆ ಗೊತ್ತಿಲ್ಲ, ನಾವ್ಯಾರೋ ನಿಮಗೆ ಗೊತ್ತಿಲ್ಲ. ಪರವಾಗಿಲ್ಲ. ಊಟ ಆಯ್ತಾ? ನಮ್ಮ ಹುಡುಗ ಹೊತ್ತಿಗೆ ಸರಿಯಾಗಿ ಉಣ್ಣದೆ ಇದನ್ನೇ ಮಾಡ್ತಾ ಕೂತಿದಾನೆ. ಸ್ವಲ್ಪ ನೀವೇ ನೋಡ್ಕೊಂಡು…”

“ಶಿಫಾರಸು ಮಾಡ್ಬಾರ್ದು ಕಣೇ!” ಛತ್ರಿಯ ಕೆಳಗಿನಿಂದ ಅಪ್ಪ ಕೂಗಿದರು. “ಪಾಲಿಸಿ! ಪಾಲಿಸಿ!”