ಕಾರ್ಡು ಬರೆಯುವವರೆಗೆ ಗಡ್ಡ

ನಾನು ಸೋಮಾರಿಯಲ್ಲ. ಯಾರಾದರೂ ಹಾಗೆಂದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಕುರುಗೋಡಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಒಂದು ದಿನವೂ ಗಂಟೆ ಹೊಡೆದ ಮೇಲೆ ಶಾಲೆಗೆ ಹೋದವನಲ್ಲ. ಆದರೆ ಒಮ್ಮೊಮ್ಮೆ ಯಾವುದೋ ಕೆಲಸ, ಅದೂ ಮನಸ್ಸಿಗೆ ತೀರ ಬೇಕಾದ ಕೆಲಸವೇ, ನಾಳೆ ನಾಳೆ ಎಂದು ಹಾಗೇ ಉಳಿದುಬಿಡುತ್ತಿತ್ತು.

ಎರಡನೆಯ ಮಹಾಯುದ್ಧದ ಕಾಲ, ಸಕ್ಕರೆ ಸಿಗುವುದೇ ಕಷ್ಟವಾಗಿತ್ತು. ಅವ್ವನೊಂದಿಗೆ ಸಿರುಗುಪ್ಪಕ್ಕೆ ಹೋಗಿ ಹೆಣ್ಣು ನೋಡಿ ಬಂದಿದ್ದೆ. ಹುಡುಗಿ ಎಷ್ಟು ಹಿಡಿಸಿದ್ದಳೆಂದರೆ, ಆಕೆ ಕೊಟ್ಟ ಚಹಾದಲ್ಲಿ ಸಕ್ಕರೆಯೇ ಇರಲಿಲ್ಲವೆಂಬುದು ಬ್ರೂಸ್‌ಪೇಟೆಯ ನಮ್ಮ ಮನೆಗೆ ಬಂದು ಅವ್ವ ಹೇಳಿದ ಮೇಲೆ ತಿಳಿಯಿತು. ಒಪ್ಪಿಗೆಯ ಪತ್ರ ಗಂಡಿನ ಕಡೆಯಿಂದಲೇ ಹೋಗಬೇಕು. ಅಪ್ಪ ತೀರಿಕೊಂಡಿದ್ದರು, ಅವ್ವನಿಗೆ ಅಕ್ಷರ ಬಾರದು.

“ನೀನ ಬರದು ಹಾಕಪಾ. ಸಾಲಿ ಮಾಸ್ತರ ಅದಿ” ಎಂದಳು.

ಕುರುಗೋಡಿನ ಬಾಡಿಗೆ ಕೋಣೆಗೆ ಬಂದು ಅಂಚೆ ಕಾರ್ಡು ಮುಂದಿಟ್ಟುಕೊಂಡೆ. ‘ಹುಡುಗಿ ಒಪ್ಪಿಗೆ’ ಎಂದಷ್ಟೇ ಬರೆದರೆ ಎತ್ತು ಕೊಂಡಂತಾಗುತ್ತಿತ್ತು. ಚೆಂದಾಗಿ ಬರೆಯೋಣವೆಂದರೆ ಅಂಚೆಯವರೆಲ್ಲ ಓದಿಯಾರೆಂಬ ನಾಚಿಕೆ. ನಾಳೆ ಬರೆದರಾಯಿತು ಎಂದು ಎತ್ತಿಟ್ಟೆ.

ನೆನಪಿಗೆಂದು ಧೋತರದ ಚುಂಗಿಗೆ ಗಂಟು ಹಾಕಿದೆ, ಒಗೆಯುವಾಗ ಬಿಚ್ಚಿದೆ. ಕಾರ್ಡನ್ನು ಊಟದ ತಾಟಿನ ಪಕ್ಕ ಇಟ್ಟುಕೊಂಡೆ. ಸಾರು ಚೆಲ್ಲಿ ಕಲೆಯಾಯಿತು, ಹೊಸದು ತರಬೇಕಲ್ಲ ಎಂದು ಮತ್ತೊಂದು ವಾರ ಸುಮ್ಮನಿದ್ದೆ. ಬರೆಯುವ ತನಕ ಚಹಾ ಮುಟ್ಟುವುದಿಲ್ಲವೆಂದು ಆಣೆ ಮಾಡಿದೆ. ಆ ಆಣೆ ಮರುದಿನ ಬೆಳಿಗ್ಗೆ ಏಳು ಗಂಟೆಯವರೆಗೆ ಬಾಳಿತು. ಕೊನೆಗೆ, ಕಾರ್ಡು ಅಂಚೆ ಪೆಟ್ಟಿಗೆಗೆ ಬೀಳುವವರೆಗೆ ಗಡ್ಡ ತೆಗೆಸುವುದಿಲ್ಲ ಎಂದು ನಿಶ್ಚಯಿಸಿದೆ. ನವೆ ತಾಳದೆ ಬರೆದೇ ಬರೆಯುತ್ತೇನೆ ಎಂದುಕೊಂಡಿದ್ದೆ. ನವೆಯೇನೋ ಆಯಿತು, ಕೆರೆದುಕೊಳ್ಳುವುದರಲ್ಲೇ ಹೊತ್ತು ಹೋಯಿತು.

ಭಾನುವಾರಕ್ಕೊಮ್ಮೆ ಕ್ಷೌರ ಮಾಡಲು ಬರುತ್ತಿದ್ದವನನ್ನು “ಈಗ ಬ್ಯಾಡ” ಎಂದು ಮೂರು ಸಲ ಕಳಿಸಿದೆ. ಆತ ಕಾರಣ ಕೇಳಲೇ ಇಲ್ಲ. ನಮ್ಮ ಕಡೆ ಹೆಂಡತಿ ಬಸುರಿಯಾದರೆ ಗಂಡ ಗಡ್ಡ ತೆಗೆಸುವುದಿಲ್ಲ. ಊರಿಗೆಲ್ಲ ಗೊತ್ತಿದ್ದ ಆ ಮಾತು ನನ್ನ ತಲೆಗೆ ಮಾತ್ರ ಹೊಳೆಯಲಿಲ್ಲ. ಮೂರನೆಯ ಸಲ ಆತ ನಗುತ್ತ ಕೈಮುಗಿದು ಹೋದ.

ಅದೇ ವಾರ ಒಂದು ಸಂಜೆ ಹುಡುಗಿಯ ತಂದೆ ನನ್ನ ಬಾಗಿಲಲ್ಲಿ ನಿಂತಿದ್ದರು. ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡುತ್ತಿದ್ದ ಬಸ್ಸಿನಲ್ಲಿ ಬಂದು ಧೋತರವೆಲ್ಲ ಮಸಿಯಾಗಿತ್ತು. ಮುಖ ಅದಕ್ಕಿಂತ ಕಪ್ಪಿಟ್ಟಿತ್ತು.

“ಮಾಸ್ತರ, ನಿಮಗ ಇನ್ನೊಂದು ಸಂಸಾರ ಐತೇನ್ರಿ?”

“ಇಲ್ರಿ!”

“ಬಸ್ಸು ಇಳದು ನಿಮ್ಮ ಮನಿ ಕೇಳಿದ್ರ ಕ್ಷೌರದಾಂವ ಹೇಳಿದ. ಮಾಸ್ತರ ಹೆಂಡ್ತಿ ತಮ್ಮ ಊರಾಗ ಬಸುರಿ ಅದಾರ, ಅದಕ್ಕ ಗಡ್ಡ ಬಿಟ್ಟಾರ ಅಂತ. ಗಡ್ಡ ನಾನೂ ನೋಡಾಕ ಹತ್ತೀನಲ್ರಿ!”

ಗಂಟು, ತಾಟು, ಚಹಾ, ಗಡ್ಡ, ಎಲ್ಲವನ್ನೂ ತೊದಲುತ್ತ ಹೇಳಿ ಸಾರಿನ ಕಲೆಯ ಕಾರ್ಡು ತೋರಿಸಿದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸಿಟ್ಟು ಇಳಿಯಿತು, ಆದರೆ ನಗಲಿಲ್ಲ.

“ನಮ್ಮ ಹುಡುಗಿ ದಿನಾ ಅಂಚೆಯಾಂವ ಬರೂ ಹೊತ್ತಿಗೆ ಕಟ್ಟಿ ಮ್ಯಾಲ ಕುಂದರ್ತಾಳ್ರಿ. ಜ್ವಾಳ ಹಸನ ಮಾಡೂ ನೆವ. ಹಸನಾದ ಜ್ವಾಳಾನ ಮತ್ತ ಹಸನ ಮಾಡ್ತಾಳ.”

ನನಗೆ ಬಹಳ ಸಂಕಟವಾಯಿತು. ನನ್ನ ಮಾತಿನ ಚೆಂದ ನೋಡಿಕೊಳ್ಳುತ್ತ ಆಕೆಯನ್ನು ಅಷ್ಟು ದಿನ ಕಟ್ಟೆಯ ಮೇಲೆ ಕೂರಿಸಿದ್ದೆ. ಅದೇ ಕಾರ್ಡಿನ ಮೇಲೆ ‘ಹುಡುಗಿ ಒಪ್ಪಿಗೆ’ ಎಂದು ಬರೆದು ಅವರ ಕೈಗೆ ಕೊಡಹೋದೆ.

“ನನಗ ಬ್ಯಾಡ್ರಿ. ಪೆಟ್ಟಿಗಿಗೆ ಹಾಕ್ರಿ. ಅಕಿ ಕೈಗೆ ಅಂಚೆಯಾಂವನ ಕೊಡ್ಲಿ.”

ಬರಿಗಾಲಲ್ಲೇ ಓಡಿದೆ.

ಮದುವೆಯಾದ ಎರಡು ವರ್ಷಕ್ಕೆ ಸರಿಯಾದ ಕಾರಣಕ್ಕೇ ಗಡ್ಡ ಬಿಟ್ಟೆ. ಸುದ್ದಿಯನ್ನು ಸಿರುಗುಪ್ಪಕ್ಕೆ ತಿಳಿಸಬೇಕಿತ್ತು. ನಾಳೆ ಬರೆದರಾಯಿತು ಎನ್ನುತ್ತಲೇ ಎಂಟು ದಿನ ಕಳೆದೆ. ಒಂಬತ್ತನೆಯ ದಿನ ಬೆಳಿಗ್ಗೆ ನನ್ನ ಹೆಂಡತಿ ಟ್ರಂಕಿನಿಂದ ಆ ಸಾರಿನ ಕಲೆಯ ಕಾರ್ಡನ್ನು ತೆಗೆದು, ಅದರ ಪಕ್ಕ ಹೊಸದೊಂದನ್ನು ಇಟ್ಟಳು.

“ಇದನ್ನ ಬರಿಯೂ ತನಕ ನಾ ಚಹಾ ಮಾಡೂದಿಲ್ರಿ.”

ಏಳು ಗಂಟೆಯೊಳಗೆ ಕಾರ್ಡು ಪೆಟ್ಟಿಗೆಯಲ್ಲಿತ್ತು.