ಲಸಿಕೆಗೊಂದು ತಾಳಮದ್ದಳೆ

ಕೊರೊನಾ ಬಂದು ಕಾರ್ಯಕ್ರಮಗಳೆಲ್ಲ ನಿಂತಾಗ ಸಾಲಿಗ್ರಾಮದ ನಮ್ಮ ಮನೆಯಲ್ಲಿ ಹೆಚ್ಚು ಸೊರಗಿದವರು ನನ್ನ ಮಾವ. ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನದ ಕಥೆ ನಡೆಸುವ ತಾಳಮದ್ದಳೆಯಲ್ಲಿ ಪಳಗಿದ ನಾಲಗೆ ಅವರದು. ವಾದಕ್ಕೆ ಎದುರಾಳಿಯೇ ಇರಲಿಲ್ಲ.

ಲಸಿಕೆ ಬಂದಾಗ ಎದುರಾಳಿ ಮನೆಯಲ್ಲೇ ಸಿಕ್ಕಿದರು. ಬೀಜಾಡಿಯಿಂದ ಬಂದು ನಮ್ಮಲ್ಲೇ ಉಳಿದಿದ್ದ ಅವರ ಅಕ್ಕ, ನಮ್ಮೆಲ್ಲರ ದೊಡ್ಡತ್ತೆ. ಒಂದು ಮಧ್ಯಾಹ್ನ ಊಟ ಮುಗಿದದ್ದೇ ಮಾವ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ನನ್ನ ಗಂಡ ಅಕ್ಕಿ ಅಳೆಯುವ ಸೇರು ಮಗುಚಿ ಬಾರಿಸತೊಡಗಿದರು.

"ಎಲೈ ಅಗ್ರಜೆ! ಲೋಕವೇ ಬಾಗಿಲಿಕ್ಕಿ ಕುಳಿತಿರುವಾಗ ಹೊಸ ಅಸ್ತ್ರವನ್ನು ಸಿದ್ಧಪಡಿಸಿದ ವಿಜ್ಞಾನವನ್ನಲ್ಲದೆ ಇನ್ನಾರನ್ನು ಹೊಗಳಲಿ?"

"ತಡಿ ಮಾರಾಯ," ಎಂದರು ದೊಡ್ಡತ್ತೆ. "ಹೊಸ ದೋಣಿ ಕಡಲಿಗಿಳ್ದ್ ವಾಪಾಸ್ ಬರ್ಲಿ. ಆಮೇಲೆ ಹೊಗಳುವ."

ಇಬ್ಬರೂ ನನ್ನ ಕಡೆ ತಿರುಗಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು, ತೀರ್ಪೂ ನನ್ನದೇ ಆಯಿತು. ಈ ಬಗೆಯ ಲಸಿಕೆ ನನಗೂ ಹೊಸತು. ಓದಿ ತಿಳಿದದ್ದಷ್ಟನ್ನೇ ಹೇಳಿದೆ. ನಿರುಪದ್ರವಿಯಾಗಿ ಮಾಡಿದ ಒಂದು ವೈರಸ್ಸಿನ ಮೂಲಕ ಕೊರೊನಾದ ಗುರುತನ್ನು ಮೈಯೊಳಗೆ ಕಳಿಸುತ್ತಾರೆ, ನಿಜವಾದ ರೋಗ ಬಂದರೆ ಮೈ ಅದನ್ನು ಗುರುತು ಹಿಡಿದು ಎದುರಿಸುತ್ತದೆ ಎಂದೆ.

"ಬೇಗ ಬಂತು ಅಂತ ನಾನು ಹೊಗಳುವುದಿಲ್ಲ," ಎಂದು ಮುಂದುವರಿಸಿದೆ. " ನಮಗಿಂತ ಮೊದಲು ಸಾವಿರಾರು ಜನ ತೋಳು ಕೊಟ್ಟು ಪರೀಕ್ಷೆಗೆ ನಿಂತರಲ್ಲ, ಅದಕ್ಕೆ ಕೈಮುಗಿಯಬೇಕು. ಅಪರೂಪದ ತೊಂದರೆ ಇದ್ದರೆ ತುಂಬಾ ಜನ ತೆಗೆದುಕೊಂಡ ಮೇಲೆ ಗೊತ್ತಾಗಬಹುದು, ಗೊತ್ತಾದರೆ ಮುಚ್ಚಿಡಬಾರದು. ಆದರೆ ನಿಮ್ಮ ಪ್ರಾಯಕ್ಕೆ ಲಸಿಕೆಗಿಂತ ರೋಗವೇ ಅಪಾಯ."

"ಅರ್ಧ ಹೊಗಳಿಕೆಯಾ!" ಮಾವನ ಮುಖ ಬಾಡಿತು.

ದೊಡ್ಡತ್ತೆ ಎದ್ದು ಸೆರಗು ಸಿಕ್ಕಿಸಿಕೊಂಡರು. "ನಂಗೆ ಅಷ್ಟ್ ಸಾಕ್. ನಾಳೆ ಬೆಳಿಗ್ಗೆ ಹೋಪ."

ಮರುದಿನ ಆರೋಗ್ಯ ಕೇಂದ್ರದಲ್ಲಿ ದೊಡ್ಡತ್ತೆ ಸೂಜಿಯನ್ನೇ ನೋಡುತ್ತಾ ಚುಚ್ಚಿಸಿಕೊಂಡರು. ಮಾವನ ಸರದಿ ಬಂತು. ರಾವಣನನ್ನೇ ಮಾತಿನಲ್ಲಿ ನಡುಗಿಸಿದವರು ಕಣ್ಣು ಗಟ್ಟಿಯಾಗಿ ಮುಚ್ಚಿ ಅಕ್ಕನ ಕೈ ಹಿಡಿದುಕೊಂಡರು.

"ಹ್ವಾಯ್, ಕಣ್ಣ್ ಬಿಡ್. ಆಗಿ ಹೋಯ್ತ್," ಎಂದು ದೊಡ್ಡತ್ತೆ ನಕ್ಕ ನಗೆಗೆ ನರ್ಸಮ್ಮನೂ ನಕ್ಕರು.

ಇಬ್ಬರಿಗೂ ಒಂದು ದಿನ ಜ್ವರ ಬಂತು, ಗಂಜಿ ಕುಡಿದು ಮಲಗಿದರು. ಎರಡನೆಯ ಡೋಸಾಗಿ ಕೆಲವು ವಾರಗಳ ಮೇಲೆ ಬೈಂದೂರಿನಿಂದ ದೊಡ್ಡತ್ತೆಯ ಮಗಳು ಕೂಸನ್ನು ಎತ್ತಿಕೊಂಡು ಬಂದಳು. ಅದುವರೆಗೆ ಮೊಬೈಲಿನಲ್ಲಿ ಮಾತ್ರ ಕಂಡಿದ್ದ ಮೊಮ್ಮಗಳು. ದೊಡ್ಡತ್ತೆ ಅದನ್ನು ಎದೆಗೆ ಒತ್ತಿಕೊಂಡು ಅಂಗಳದ ತುಂಬಾ ಸುತ್ತಿದರು. ಊಟಕ್ಕೆ ಕರೆದರೂ ಇಳಿಸಲಿಲ್ಲ.